ಬಂಡಿಯೊಳಗೊಂದು ಬಿಡಾರ

ಮಾಘಮಾಸದಲ್ಲಿ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆ ನೆರೆಯುತ್ತದೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡಗಳ ಕಡೆಯಿಂದಲೂ ಗಡಿಯಾಚೆಯ ಮಹಾರಾಷ್ಟ್ರದಿಂದಲೂ ಜನರು ಎತ್ತಿನ ಬಂಡಿಗಳನ್ನು ಹೂಡಿಕೊಂಡು ಬರುವುದು ಹಿಂದಿನಿಂದ ನಡೆದುಬಂದ ವಾಡಿಕೆ. ಕಮಾನು ಕಟ್ಟಿದ ಆ ಬಂಡಿಯು ಹಗಲು ವಾಹನ. ನೊಗ ಇಳಿಸಿದ ಮೇಲೆ ಅದೇ ಮನೆ.

ಇಂದು ಈ ಸೀಮೆಯ ಅನೇಕ ಮನೆಗಳ ಮುಂದೆ ಬಂಡಿಯ ಸ್ಥಾನದಲ್ಲಿ ಬೊಲೆರೊದಂತಹ ಎಸ್.ಯು.ವಿ. ಗಾಡಿ ನಿಂತಿರುತ್ತದೆ. ಅದನ್ನೂ ಎರಡು ರಾತ್ರಿಗಳ ಬಿಡಾರವನ್ನಾಗಿ ಮಾಡಬಹುದೆ? ಮಾಡಬಹುದು, ಹೆಚ್ಚು ಹಣವೂ ಬೇಕಿಲ್ಲ. ನಾವು ಹಳೆಯದೊಂದು ಗಾಡಿಯಲ್ಲಿ ಹನ್ನೆರಡು ಸಾವಿರ ರೂಪಾಯಿಗಳೊಳಗೆ ಇದನ್ನು ಸಾಧಿಸಿದೆವು. ಆದರೆ ಈ ಕೆಲಸದಲ್ಲಿ ಹಲಗೆ, ಮೊಳೆಗಳಿಗಿಂತ ಮುಖ್ಯವಾದುದು ಲೆಕ್ಕ. ಅದನ್ನು ನಾವು ಕಲಿತದ್ದು ಒಂದು ತಪ್ಪಿನಿಂದ.

ಮೊದಲನೆಯ ರಾತ್ರಿ

ಯಡೂರಿನ ಬಳಿ ಕೃಷ್ಣಾ ತೀರದಲ್ಲಿ ಗಾಡಿ ನಿಲ್ಲಿಸಿ, ಚಳಿಗೂ ಸೊಳ್ಳೆಗೂ ಅಂಜಿ ಕಿಟಕಿಗಳನ್ನೆಲ್ಲ ಮುಚ್ಚಿ ಇಬ್ಬರು ಮಲಗಿದೆವು. ನಡುರಾತ್ರಿ ಎಚ್ಚರವಾದಾಗ ತಲೆ ಸಿಡಿಯುತ್ತಿತ್ತು; ಗಾಜುಗಳ ಮೇಲೆ ನೀರು ಹರಿಯುತ್ತಿತ್ತು. ಮಳೆ ಬಂದಿರಲಿಲ್ಲ. ಹಾಗಾದರೆ ನೀರು ಎಲ್ಲಿಯದು?

ಗಾಡಿಯ ಒಳಗಿನ ಅವಕಾಶ ಸುಮಾರು 4 ಘನಮೀಟರು, ಅಂದರೆ 4000 ಲೀಟರು ಎಂದು ಇಟ್ಟುಕೊಳ್ಳೋಣ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರು ಗಾಳಿಯು ಹೆಚ್ಚೆಂದರೆ 17 ಗ್ರಾಂ ನೀರಾವಿಯನ್ನು ಧರಿಸಬಲ್ಲುದು. ಗಾಡಿಯ ಗಾಳಿಗೆಲ್ಲ ಸೇರಿ ಇದು ಸುಮಾರು 70 ಗ್ರಾಂ. ಮಲಗಿದ ಮನುಷ್ಯನು ಉಸಿರಿನಿಂದಲೂ ಚರ್ಮದಿಂದಲೂ ಗಂಟೆಗೆ ಸರಿಸುಮಾರು 40 ಗ್ರಾಂ ನೀರನ್ನು ಹೊರಹಾಕುತ್ತಾನೆ; ಇಬ್ಬರಿಂದ 80 ಗ್ರಾಂ. ಪೂರ್ತಿ ಒಣಗಿದ ಗಾಳಿಯಿಂದ ಆರಂಭಿಸಿದರೂ ಒಂದು ಗಂಟೆಯೊಳಗೆ ಅದು ತುಂಬಿಹೋಗುತ್ತದೆ. ಉಳಿದ ನೀರು ತಣ್ಣನೆಯ ಗಾಜಿನ ಮೇಲೆ ಇಬ್ಬನಿಯಾಗದೆ ಮತ್ತೇನಾದೀತು?

ತಲೆನೋವಿನ ಲೆಕ್ಕವೂ ಇಂತಹದೇ. ಮಲಗಿದವನು ಗಂಟೆಗೆ ಸುಮಾರು 12 ಲೀಟರು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾನೆ. ಬಿರುಕೇ ಇಲ್ಲದ ಪೆಟ್ಟಿಗೆಯಾದರೆ ಇಬ್ಬರ ಉಸಿರಿನಿಂದ ಐದು ಗಂಟೆಗಳಲ್ಲಿ 120 ಲೀಟರು ಸೇರಿ, ಅದರ ಪ್ರಮಾಣ ನೂರಕ್ಕೆ 3ಕ್ಕೆ ಏರುವುದು. ಹೊರಗಿನ ಗಾಳಿಯಲ್ಲಿ ಅದು ನೂರಕ್ಕೆ 0.04 ಮಾತ್ರ. ನಿಜವಾದ ಗಾಡಿಯಲ್ಲಿ ಸಂದುಗಳಿರುವುದರಿಂದ ಅಷ್ಟು ಏರದಿದ್ದರೂ, ಸಂದುಗಳನ್ನು ನಂಬಿ ನಿದ್ರಿಸುವುದು ವಿವೇಕವಲ್ಲ.

ಪರಿಹಾರ ಬಹಳ ಸುಲಭ. ಮುಂದಿನ ಒಂದು ಕಿಟಕಿಯನ್ನೂ ಅದಕ್ಕೆ ಕರ್ಣರೇಖೆಯಲ್ಲಿರುವ ಹಿಂದಿನ ಕಿಟಕಿಯನ್ನೂ ನಾಲ್ಕು ಬೆರಳಿನಷ್ಟು ಇಳಿಸಿ, ಬಾಗಿಲ ಚೌಕಟ್ಟಿಗೆ ಸೊಳ್ಳೆಪರದೆಯ ಬಟ್ಟೆಯನ್ನು ಹೊದಿಸಬೇಕು. ಗಾಳಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡುತ್ತದೆ. ಚಳಿಗೆ ಕಂಬಳಿ ಇದೆ. ಕೆಟ್ಟ ಗಾಳಿಗೆ ಕಂಬಳಿಯಿಲ್ಲ.

ಮಂಚವೂ ಭಾರವೂ

ಮಧ್ಯದ ಆಸನವನ್ನು ಮಡಿಸಿ, ಮುಂದಿನ ಆಸನಗಳನ್ನು ಮುಂದಕ್ಕೆ ಸರಿಸಿದಾಗ ನಮಗೆ 1.8 ಮೀಟರು ಉದ್ದ, 1.1 ಮೀಟರು ಅಗಲದ ಜಾಗ ದೊರೆಯಿತು. ಅದಕ್ಕೆ 12 ಮಿಲಿಮೀಟರು ದಪ್ಪದ ಪ್ಲೈವುಡ್ ಹಲಗೆಯನ್ನು ಮೂರು ತುಂಡಾಗಿ ಕತ್ತರಿಸಿ, ಕಾಲು ಕೊಟ್ಟು, ಮೇಲೆ ಹಾಸಿಗೆ ಹಾಕಿದೆವು. ಹಲಗೆಯ ತೂಕ ಸುಮಾರು 14 ಕಿಲೋಗ್ರಾಂ. ಕೆಳಗೆ ಸಾಮಾನಿಗೆ ಸ್ಥಳ.

ಇದಾವುದನ್ನೂ ಗಾಡಿಗೆ ಬೆಸೆಯಲಿಲ್ಲ, ರಂಧ್ರ ಕೊರೆಯಲಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಯಾರಕರು ನಿಗದಿಗೊಳಿಸಿದ ರಚನೆಯನ್ನು ಮನಬಂದಂತೆ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಬೇಕೆಂದಾಗ ಎತ್ತಿಡಬಹುದಾದ ಮಂಚವೇ ಲೇಸು. ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆಯು 1951ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿಗಾಗಿ ಹೊರತಂದ ಬಿಡಾರದ ಪೆಟ್ಟಿಗೆಯೂ ಹೀಗೆ ಇಟ್ಟು ತೆಗೆಯುವಂತಹದೇ ಆಗಿತ್ತು.

ಆದರೆ ಬಿಡಿ ವಸ್ತುಗಳಿಗೆ ಪಟ್ಟಿಯ ಬಿಗಿ ಬೇಕು. 20 ಲೀಟರು ನೀರಿನ ಕ್ಯಾನು 20 ಕಿಲೋಗ್ರಾಂ ತೂಗುತ್ತದೆ. ಗಂಟೆಗೆ 60 ಕಿಲೋಮೀಟರು, ಅಂದರೆ ಸೆಕೆಂಡಿಗೆ 16.7 ಮೀಟರು ವೇಗದ ಗಾಡಿಯು ಡಿಕ್ಕಿಯಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ, ಆ ಕ್ಯಾನನ್ನು ತಡೆಯಲು ಸುಮಾರು 3300 ನ್ಯೂಟನ್ ಬಲ ಬೇಕು. ಇದು 340 ಕಿಲೋಗ್ರಾಂ ವಸ್ತುವಿನ ತೂಕಕ್ಕೆ ಸಮ. ಕಟ್ಟದ ಕ್ಯಾನಿಗೆ ಆ ಬಲವನ್ನು ಒದಗಿಸುವುದು ಮುಂದೆ ಕುಳಿತವರ ಬೆನ್ನು! ಆದುದರಿಂದ ಭಾರವಾದುದೆಲ್ಲ ನೆಲಕ್ಕೆ ತಾಗಿ, ಬಿಗಿಯಾಗಿ ಇರತಕ್ಕದ್ದು. ಮಾಡಿನ ಮೇಲೆ ಭಾರ ಹೇರಿದರೆ ಗುರುತ್ವಕೇಂದ್ರ ಮೇಲೇರಿ, ತಿರುವುಗಳಲ್ಲಿ ಗಾಡಿ ಉರುಳುವ ಭಯ ಹೆಚ್ಚುತ್ತದೆ. ಕಬ್ಬನ್ನು ಎತ್ತರಕ್ಕೆ ಹೇರಿದ ಟ್ರೇಲರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಿಸಿಲು ಮತ್ತು ವಿದ್ಯುತ್ತು

ನಡುಹಗಲಿನ ಸೂರ್ಯನು ಒಂದು ಚದರ ಮೀಟರಿಗೆ ಸುಮಾರು 1000 ವಾಟ್ ಶಕ್ತಿಯನ್ನು ಸುರಿಯುತ್ತಾನೆ. ಒಂದು ಇಸ್ತ್ರಿಪೆಟ್ಟಿಗೆಯಷ್ಟು ಎನ್ನಬಹುದು. ಬೆಳಕು ಗಾಜನ್ನು ದಾಟಿ ಒಳಗೆ ಶಾಖವಾಗುತ್ತದೆ. ಆ ಶಾಖದ ದೀರ್ಘ ತರಂಗಗಳು ಗಾಜಿನ ಮೂಲಕ ಮರಳಲಾರವು, ಕಾದ ಗಾಳಿಗೂ ದಾರಿಯಿಲ್ಲ. ಹೊರಗೆ 35 ಡಿಗ್ರಿಯಿರುವಾಗ ಮುಚ್ಚಿದ ಗಾಡಿಯೊಳಗೆ ಒಂದು ಗಂಟೆಯಲ್ಲಿ 50 ಡಿಗ್ರಿ ಮೀರಬಹುದು. ಮಗುವನ್ನು ಅದರೊಳಗೆ ಐದು ನಿಮಿಷವೂ ಬಿಡಬಾರದು. ಹೊಳೆಯುವ ಹಾಳೆಯನ್ನು ಗಾಜಿನ ಹೊರಮೈಗೆ ಹೊದಿಸಿದರೆ ಬೆಳಕು ಒಳಗೆ ಬರುವ ಮೊದಲೇ ಹಿಂದಿರುಗುತ್ತದೆ. ಬೇವಿನ ಮರದ ನೆರಳು ಇದಕ್ಕಿಂತಲೂ ಅಗ್ಗ.

ರಾತ್ರಿಗೆ 5 ವಾಟಿನ ಎಲ್‌ಇಡಿ ದೀಪ 5 ಗಂಟೆ, 12 ವಾಟಿನ ಪುಟ್ಟ ಪಂಖ 8 ಗಂಟೆ, ಫೋನುಗಳಿಗೆ 30 ವಾಟ್‌ಗಂಟೆ: ಒಟ್ಟು ಸುಮಾರು 150 ವಾಟ್‌ಗಂಟೆ. ಇದನ್ನು ಗಾಡಿಯ ಬ್ಯಾಟರಿಯಿಂದ ಪಡೆಯಬಹುದಾದರೂ ಅದು ಎಂಜಿನ್ನಿಗೆ ಕ್ಷಣಕಾಲ ಬಲವಾದ ಪ್ರವಾಹ ಕೊಡಲೆಂದು ಆದುದು. ಮತ್ತೆ ಮತ್ತೆ ಬರಿದು ಮಾಡಿದರೆ ಬೇಗ ಕೆಡುವುದು. 12 ವೋಲ್ಟು, 20 ಆಂಪಿಯರ್‌ಗಂಟೆಯ ಬೇರೊಂದು ಲಿಥಿಯಂ ಬ್ಯಾಟರಿಯಲ್ಲಿ 240 ವಾಟ್‌ಗಂಟೆ ಇರುತ್ತದೆ. ಒಂದು ರಾತ್ರಿಗೆ ಧಾರಾಳ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸನ್ನು ಮರೆಯಬಾರದು.

ಒಂದು ಕಟ್ಟುನಿಟ್ಟಿನ ಮಾತು

ಚಳಿಯೆಂದು ಕೆಂಡದ ಅಗ್ಗಿಷ್ಟಿಕೆಯನ್ನಾಗಲಿ, ಅಡುಗೆಯ ಒಲೆಯನ್ನಾಗಲಿ ಒಳಗೆ ತರಕೂಡದು. ಎಂಜಿನ್ ಓಡಿಸುತ್ತ ಮಲಗಕೂಡದು. ಅಪೂರ್ಣ ದಹನದಿಂದ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಒಲವಿನಿಂದ ಅಂಟಿಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡು ನಮ್ಮನ್ನು ತಲೆನೋವಿನಿಂದ ಎಬ್ಬಿಸಿತು. ಮಾನಾಕ್ಸೈಡು ಮಲಗಿದವರನ್ನು ಎಬ್ಬಿಸುವುದಿಲ್ಲ. ಕಿಟಕಿ ತೆರೆದಿದೆಯೆಂಬ ಧೈರ್ಯವೂ ಇಲ್ಲಿ ಸಲ್ಲದು. ಒಲೆ ಯಾವಾಗಲೂ ಹೊರಗೆ, ಬಯಲಿನಲ್ಲಿ.

ಈಗ ಚಿಂಚಲಿಯ ಬಂಡಿಯನ್ನು ಮತ್ತೊಮ್ಮೆ ನೋಡೋಣ. ಕಮಾನಿನ ಎರಡು ತುದಿಗಳೂ ತೆರೆದಿದ್ದವು; ಗಾಳಿ ತಾನಾಗಿ ಆಡುತ್ತಿತ್ತು. ಅಡುಗೆ ಹೊರಗೆ ಮೂರು ಕಲ್ಲುಗಳ ಮೇಲೆ ನಡೆಯುತ್ತಿತ್ತು. ನಮ್ಮ ಹಿರಿಯರಿಗೆ ಈ ಲೆಕ್ಕಗಳ ಅಗತ್ಯ ಬೀಳಲಿಲ್ಲ. ನಾವು ಬಂಡಿಗೆ ಉಕ್ಕಿನ ಗೋಡೆಯನ್ನೂ ಗಾಜಿನ ಬಾಗಿಲನ್ನೂ ಇಟ್ಟೆವು. ಆದುದರಿಂದ ಅದು ಪುಕ್ಕಟೆಯಾಗಿ ಕೊಡುತ್ತಿದ್ದುದನ್ನು ನಾವು ಲೆಕ್ಕ ಹಾಕಿ ಒದಗಿಸಿಕೊಳ್ಳಬೇಕಾಗಿದೆ.