ಕವಂದಿಯ ಮೂಲೆಗೆ ನಾಲ್ಕು ಹೂ

ಹಳೆ ಬಟ್ಟೆಯ ತುಂಡು ಕೂಡಿಸಿ ಹೊಲಿದ ಹೊದಿಕೆ ಕವಂದಿ. ಅದರ ನಾಲ್ಕು ಮೂಲೆಯಲ್ಲಿ ಕೂರುವ ಹೂವಿನಿಂದ ಯಾರಿಗೂ ಬೆಚ್ಚಗಾಗುವುದಿಲ್ಲ. ಅಂಚಿನಿಂದ ತುಸು ಹೊರಗೆ ಚಾಚಿಕೊಂಡ ಸಣ್ಣ ಬಟ್ಟೆಚೂರು ಅದು. ತುಂಡೊಂದನ್ನು ಮಡಿಸಿ, ಮತ್ತೆ ಮಡಿಸಿ ಮುಕ್ಕೋನ ಮಾಡಿ, ಅದರ ಮೇಲೆ ಬೇರೆ ಬಣ್ಣದ ಇನ್ನೊಂದು ಮುಕ್ಕೋನ ಕೂರಿಸಿ ಮೂಲೆಗೆ ಹೊಲಿದರೆ ಹೂ ಆಯಿತು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಇದನ್ನು ಫೂಲ ಎನ್ನುತ್ತಾರೆ. ಹಾಸಿ ಮಲಗುವಷ್ಟು ದೊಡ್ಡ ಕವಂದಿಯನ್ನು ಇಡಿಯಾಗಿ ಹೊಲಿದು ಮುಗಿಸಿದರೂ ಮೂಲೆಗೆ ಹೂ ಬೀಳದಿದ್ದರೆ ಅವರ ಲೆಕ್ಕದಲ್ಲಿ ಅದು ಬೆತ್ತಲೆ.

ಈ ಲೇಖನ ಬರೆಯಲು ಹೊರಟಿದ್ದೇ ಆ ಹೂವಿಗಾಗಿ. ಹರಿದ ಸೀರೆ, ಸವೆದ ಲುಂಗಿ, ಮಕ್ಕಳ ಸಮವಸ್ತ್ರದ ಉಳಿದ ತುಂಡು, ದರ್ಜಿ ಅಂಗಡಿಯ ಮೂಲೆಯಲ್ಲಿ ಬಿದ್ದ ಚೂರು ಎಲ್ಲವನ್ನೂ ಕೂಡಿಸಿ ಹೊದಿಕೆ ಮಾಡಿಕೊಳ್ಳುವುದು ಬಡತನದ ಅನಿವಾರ್ಯ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅನಿವಾರ್ಯವಷ್ಟೇ ಆಗಿದ್ದರೆ ಹೂ ಏಕೆ ಬೇಕಿತ್ತು? ಇರುವುದೇ ನಾಲ್ಕು ಚಿಂದಿ ಎನ್ನುವಾಗಲೂ ಅದರಲ್ಲಿ ಚೆಂದದ್ದನ್ನು ಆರಿಸಿ, ಚಳಿಗೆ ಉಪಯೋಗವಿಲ್ಲದ ಜಾಗಕ್ಕೆ ಮೀಸಲಿಡುವ ಕೈ ಕಲಾವಿದೆಯದು. ಬೇರೆ ಪುರಾವೆ ನನಗೆ ಬೇಕಾಗಿಲ್ಲ.

ಸಿದ್ದಿಗಳ ಚರಿತ್ರೆಯನ್ನು ಇಲ್ಲಿ ನಾಲ್ಕು ಸಾಲಿನಲ್ಲಿ ಹೇಳಬೇಕಾಗಿದೆ, ಅದು ನಾಲ್ಕು ಸಾಲಿನದಲ್ಲ. ಪೂರ್ವ ಆಫ್ರಿಕಾದಿಂದ, ಬಹುಪಾಲು ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದವರ ಸಂತತಿ ಇವರು. ಒಡೆಯರಿಂದ ತಪ್ಪಿಸಿಕೊಂಡವರು, ಬಿಡುಗಡೆ ಹೊಂದಿದವರು ಘಟ್ಟ ಹತ್ತಿ ದಟ್ಟ ಕಾಡಿನಲ್ಲಿ ನೆಲೆ ನಿಂತರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ಸೀಮೆಯಲ್ಲಿ ಇವರ ಊರುಗಳಿವೆ. ಖಾನಾಪುರ, ಕಲಘಟಗಿ ಕಡೆಯೂ ಇದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಇವರಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಯವರು 2020ರ ತನಕ ಕಾಯಬೇಕಾಯಿತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ರಾಜ್ಯದ ಶಾಸನ ಸಭೆಯಲ್ಲಿ ಕೂತ ಮೊದಲ ಸಿದ್ದಿ ಅವರು.

ಕವಂದಿಯಲ್ಲೂ ಧರ್ಮದ ಗುರುತು ಆಗೀಗ ಕಾಣುತ್ತದೆ. ಕ್ರೈಸ್ತರ ಮನೆಯದರಲ್ಲಿ ಶಿಲುಬೆ, ಮುಸ್ಲಿಮರ ಮನೆಯದರಲ್ಲಿ ಅರ್ಧಚಂದ್ರ. ಹೊಲಿಯುವ ರೀತಿ ಮಾತ್ರ ಎಲ್ಲರದೂ ಒಂದೇ.

ಆ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಲಿಗೆ ಬಲ್ಲವರೂ ಮೊದಲ ಸಲ ನೋಡಿದಾಗ ನಿಂತು ನೋಡುವಂಥದ್ದು ಅದು. ಅಡಿಗೆ ಹಳೆಯ ಸೀರೆಯೊಂದನ್ನು ಹಾಸಿಕೊಳ್ಳುತ್ತಾರೆ. ಮಾರ್ಕು ಇಲ್ಲ, ಅಳತೆಪಟ್ಟಿ ಇಲ್ಲ, ಚೌಕಟ್ಟಿಗೆ ಬಿಗಿಯುವುದೂ ಇಲ್ಲ. ನೆಲದ ಮೇಲೆ ಕಾಲು ನೀಡಿ ಕೂತು, ಸೀರೆಯ ಒಂದು ಮೂಲೆಯಲ್ಲಿ ಮೊದಲ ತುಂಡು ಇಡುತ್ತಾರೆ. ಅದರ ಹರಕು ಅಂಚನ್ನು ಹೆಬ್ಬೆರಳಿನಿಂದ ಒಳಕ್ಕೆ ಮಡಿಸಿ, ಉಗುರಿನಿಂದ ಒತ್ತಿ, ಕಚ್ಚಾ ಹೊಲಿಗೆ ಹಾಕುತ್ತ ಹೋಗುತ್ತಾರೆ. ಮೊದಲ ತುಂಡು ಮುಗಿಯುವ ಮೊದಲೇ ಎರಡನೆಯದರ ತುದಿ ಅದರಡಿ ಸೇರುತ್ತದೆ. ಹೀಗೆ ಅಂಚಿನುದ್ದಕ್ಕೂ ಒಂದು ಸುತ್ತು. ಆಮೇಲೆ ಅದರ ಒಳಗೆ ಇನ್ನೊಂದು ಸುತ್ತು, ಅದರೊಳಗೆ ಮತ್ತೊಂದು. ಸಾಲಿನಿಂದ ಸಾಲಿಗೆ ಬೆರಳಗಲದ ಅಂತರವೂ ಇರುವುದಿಲ್ಲ. ಸುತ್ತು ಚಿಕ್ಕದಾಗುತ್ತ ಆಗುತ್ತ ಕೊನೆಯ ತುಂಡು ನಟ್ಟನಡುವೆ ಬೀಳುತ್ತದೆ.

ತುಂಡು ಜೋಡಿಸುವುದು ಬೇರೆ, ಪದರ ಸೇರಿಸಿ ಹೊಲಿಯುವುದು ಬೇರೆ ಎಂಬ ಎರಡು ಕೆಲಸ ಇಲ್ಲಿಲ್ಲ. ಹಾಕಿದ ಒಂದೊಂದು ಟಾಕೂ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಮುಂಚಿತವಾಗಿ ವಿನ್ಯಾಸ ಬರೆದುಕೊಳ್ಳುವಂತಿಲ್ಲ. ಅಂಚಿನಲ್ಲಿ ಯಾವ ಬಣ್ಣ ಕೂತಿತೋ ಅದರ ಪಕ್ಕಕ್ಕೆ ಯಾವುದು ಒಪ್ಪುತ್ತದೆ ಎಂಬುದನ್ನು ಆ ಕ್ಷಣಕ್ಕೇ ತೀರ್ಮಾನಿಸಬೇಕು, ಗಂಟಿನಲ್ಲಿ ಉಳಿದಿರುವುದರಲ್ಲೇ ಆರಿಸಬೇಕು. ದೊಡ್ಡ ತುಂಡುಗಳ ಮೇಲೆ ಅಲ್ಲಲ್ಲಿ ಬೆರಳುಗುರಿನಷ್ಟು ಚಿಕ್ಕ ಚೂರು ಕೂರಿಸುತ್ತಾರೆ. ಅದು ತೂತು ಮುಚ್ಚುವ ತೇಪೆಯಲ್ಲ, ಬರೀ ಬಣ್ಣಕ್ಕೆ. ಕೂಸಿಗೆಂದು ಹೊಲಿದ ಸಣ್ಣ ಕವಂದಿಯಲ್ಲಿ ಇಂಥ ಚೂರುಗಳು ಹೆಚ್ಚು. ಎಚ್ಚರವಿದ್ದಾಗ ಕೂಸು ನೋಡುವುದು ಅದನ್ನೇ ತಾನೆ.

ನಡುವಿನ ಕೊನೆಯ ತುಂಡಿನಡಿ ನಾಲ್ಕು ಕಾಳು ಅಕ್ಕಿ ಇಟ್ಟು ಹೊಲಿದುಬಿಡುವ ರೂಢಿ ಕೆಲವರಲ್ಲಿದೆ. ಹೊದ್ದು ಮಲಗಿದವರ ಹೊಟ್ಟೆ ತುಂಬಿರಲಿ ಎಂಬ ಹಾರೈಕೆ ಅದು.

ನಾನು ಬೆಳೆದದ್ದು ಘಟ್ಟದ ಈಚೆ, ಧಾರವಾಡದ ಕಡೆ. ನಮ್ಮಲ್ಲಿ ಇದರ ಅಕ್ಕನಂತಿರುವ ಕೌದಿ ಇದೆ. ಅದರ ಬಗ್ಗೆ ನನಗೆ ಗೊತ್ತಿರುವುದೆಲ್ಲ ಸೋದರತ್ತೆಯ ಬಾಯಿಂದ ಕೇಳಿದ್ದು. ಸುಗ್ಗಿ ಮುಗಿದು ಮಳೆ ಶುರುವಾಗುವ ನಡುವಿನ ಬಿಸಿಲ ದಿನಗಳಲ್ಲಿ ಗೋಂದಳಿಗ ಸಮುದಾಯದ ಹೆಂಗಸರು ಓಣಿಗೆ ಬರುತ್ತಿದ್ದರಂತೆ. ಮನೆಯವರು ವರ್ಷದ ಹಳೆ ಅರಿವೆ ಗಂಟು ತಂದು ಅಂಗಳದಲ್ಲಿ ಸುರುವುತ್ತಿದ್ದರು. ಇಳಕಲ್ ಸೀರೆ ಮೇಲಕ್ಕೆ, ಧೋತರ ಒಳಕ್ಕೆ. ಧೋತರ ಹೆಚ್ಚು ತೊಳೆದಷ್ಟೂ ಮೆತ್ತಗೆ, ಆದ್ದರಿಂದ ಅಜ್ಜಂದಿರ ಧೋತರಕ್ಕೆ ಬೇಡಿಕೆ. ಪದರಗಳನ್ನು ಎಳೆದು ಹಾಸಿ, ನಾಲ್ಕು ಕಡೆ ನಾಲ್ವರು ದಬ್ಬಣ ಹಿಡಿದು ಕೂತರೆ ಮಧ್ಯಾಹ್ನದ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಕೂಲಿ ಕಾಳಿನಲ್ಲೂ ಕೊಡುತ್ತಿದ್ದರು, ಹಣದಲ್ಲೂ ಕೊಡುತ್ತಿದ್ದರು. ಟಾಕು ನೋಡಿದರೆ ಯಾರ ಕೈ ಎಂದು ಹೇಳಬಹುದಿತ್ತು ಎಂದು ಅತ್ತೆ ಈಗಲೂ ಹೇಳುತ್ತಾರೆ. ಅವರ ಕೋಣೆಯ ಟ್ರಂಕಿನಲ್ಲಿ ಇರುವ ಕೌದಿಯ ಮೇಲೆ ಬೆರಳಾಡಿಸುತ್ತ, ಇದು ನಿಮ್ಮಜ್ಜಿಯ ಪತ್ತಲ, ಇದು ನಿಮ್ಮಪ್ಪನ ಅಂಗಿ ಎಂದು ತೋರಿಸಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಜ್ಜಿಯ ಒಂದು ಫೋಟೋ ಕೂಡ ಮನೆಯಲ್ಲಿಲ್ಲ. ಕಪ್ಪು ಮೈಗೆ ಕೆಂಪು ದಡಿಯ ಆ ಪತ್ತಲದ ತುಂಡು ಇದೆ.

ಕೌದಿಗೆ ಸೇರದ ಚೂರುಗಳಿಗೂ ಬಯಲುಸೀಮೆಯಲ್ಲಿ ಕೆಲಸವಿತ್ತು. ಕುಂಚಿಗೆ ಅಂಥದೊಂದು. ಕೂಸಿನ ತಲೆಗೆ ಟೊಪ್ಪಿಗೆಯಾಗಿ ಕೂತು ಬೆನ್ನ ಮೇಲೆ ಇಳಿಬೀಳುವ ಪುಟ್ಟ ಉಡುಪು. ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಹೊಲಿದ ಮೇಲೆ ಉಳಿಯುವ ತುಂಡುಗಳೇ ಅದಕ್ಕೆ ಸಾಮಗ್ರಿ. ಖಣದ ಮೇಲೆ ತೇರು, ಸೂರ್ಯನ ನೇಯ್ಗೆ ಇರುತ್ತದಲ್ಲ, ಕತ್ತರಿಸುವಾಗ ಆ ಚಿತ್ರ ತುಂಡಾಗದಂತೆ ನೋಡಿಕೊಂಡು ಮುಕ್ಕೋನ ಮಾಡಿ ಜೋಡಿಸುತ್ತಿದ್ದರು. ಒಳಮೈಗೆ ಸವೆದ ಧೋತರ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ತೊಡಿಸಬಾರದು, ಹಳೆಯದೇ ಆಗಬೇಕು ಎನ್ನುವ ಹಿರಿಯರ ಮಾತಿನಲ್ಲಿ ದೃಷ್ಟಿಯ ಭಯ ಎಷ್ಟಿತ್ತೋ, ಎಳೆಯ ಚರ್ಮದ ಮೇಲಿನ ಕಾಳಜಿಯೂ ಅಷ್ಟೇ ಇತ್ತು. ಕುಂಚಿಗೆಯ ಬಗ್ಗೆಯೇ ಬೇರೆ ಲೇಖನ ಬರೆಯಬಹುದು, ಬರೆಯಬೇಕು.

ಕವಂದಿಗೆ ಮರಳೋಣ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಹೆನ್ರಿ ಜಾನ್ ಡ್ರೂವಾಲ್ ಆಫ್ರಿಕನ್ ಕಲೆಯ ವಿದ್ವಾಂಸರು. 2000ರ ದಶಕದಲ್ಲಿ ಉತ್ತರ ಕನ್ನಡಕ್ಕೆ ಬಂದ ಅವರ ಕಣ್ಣಿಗೆ ಕವಂದಿಗಳು ಕಲಾಕೃತಿಗಳಾಗಿ ಕಂಡವು. ಹೊಲಿಯುವ ಸಿದ್ದಿ ಹೆಂಗಸರ ಸಹಕಾರಿ ಸಂಘವೊಂದು ರೂಪುಗೊಳ್ಳಲು ಅವರು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಈ ಕವಂದಿಗಳ ಪ್ರದರ್ಶನ ನಡೆಯಿತು. ಕಪ್ಪು ಜನರ ಚರಿತ್ರೆ, ಸಂಸ್ಕೃತಿಗೆ ಮೀಸಲಾದ ಹೆಸರಾಂತ ಸಂಸ್ಥೆ ಅದು. ಉತ್ತರ ಕನ್ನಡದ ಕಾಡಂಚಿನಲ್ಲಿ ಹೊಲಿದ ಹೊದಿಕೆ ಅಲ್ಲಿನ ಗೋಡೆ ಏರಿತು.

ಸ್ಯಾನ್ ಫ್ರಾನ್ಸಿಸ್ಕೋದ ಕಲಾವಿದೆ ಮಾರ್ಗರೆಟ್ ಫ್ಯಾಬ್ರಿಜಿಯೋ ಈ ಹೊಲಿಗೆಗೆ ಮನಸೋತು ಸಿದ್ದಿ ಹೆಂಗಸರನ್ನು ಹುಡುಕಿಕೊಂಡು ಬಂದರು, ಊರಿಗೆ ಮರಳಿ ಇತರರಿಗೂ ಕಲಿಸಿದರು. ಇವತ್ತು ಅಮೆರಿಕ, ಯುರೋಪಿನ ಹೊಲಿಗೆ ಹವ್ಯಾಸಿಗಳಲ್ಲಿ ಕವಂದಿ ಎಂಬುದು ಒಂದು ವಿಧಾನದ ಹೆಸರೇ ಆಗಿಹೋಗಿದೆ. ಅಂಗೈಯಗಲದ ಚಿತ್ರಗಳು, ಚಹಾ ಕಪ್ಪಿನಡಿ ಇಡುವ ತುಂಡು, ಗೋಡೆಗೆ ತೂಗುಹಾಕುವ ಚೌಕಗಳನ್ನು ಅವರು ಮನೆಯಲ್ಲಿ ಉಳಿದ ಬಟ್ಟೆಯಿಂದ ಮಾಡುತ್ತಾರೆ, ಅಂಚಿನಿಂದ ನಡುವಿಗೆ, ಮೂಲೆಗೆ ಹೂ ಸಹಿತ. ನನಗೆ ಇದರಲ್ಲಿ ಬೇಸರವಿಲ್ಲ. ಕೈಕೆಲಸ ಹರಡುವುದು ಒಳ್ಳೆಯದೇ. ನೋವಾಗುವುದು ಇನ್ನೊಂದಕ್ಕೆ. ಸಾಗರದಾಚೆ ಅಷ್ಟು ಮಂದಿಗೆ ಗೊತ್ತಿರುವ ಕವಂದಿ ಹುಬ್ಬಳ್ಳಿ, ಬೆಂಗಳೂರಿನ ಎಷ್ಟು ಮನೆಗಳಲ್ಲಿ ಗೊತ್ತು?

ಬಟ್ಟೆಯೇ ಬದಲಾಗಿದೆ ಎಂಬುದು ಇನ್ನೊಂದು ಸಂಕಟ. ಹತ್ತಿಯನ್ನು ಉಗುರಿನಿಂದ ಒತ್ತಿದರೆ ಮಡಿಕೆ ನಿಲ್ಲುತ್ತದೆ, ಇಸ್ತ್ರಿಯ ಅಗತ್ಯವಿಲ್ಲ. ಪಾಲಿಯೆಸ್ಟರ್ ಸೀರೆಯ ತುಂಡು ಒತ್ತಿದ ಮಡಿಕೆಯನ್ನು ಬಿಚ್ಚಿಕೊಂಡು ಏಳುತ್ತದೆ, ಹೊಲಿಯುವಾಗ ಜಾರುತ್ತದೆ, ಬೆವರು ಹೀರುವುದಿಲ್ಲ. ಎಷ್ಟು ಸಲ ತೊಳೆದರೂ ಹತ್ತಿಯ ಹಾಗೆ ಹಣ್ಣಾಗುವುದಿಲ್ಲ. ಈಗ ಮನೆಮನೆಯ ಹಳೆ ಬಟ್ಟೆ ಗಂಟಿನಲ್ಲಿ ಇದರದೇ ಪಾಲು ಹೆಚ್ಚು. ಸಂತೆಯಲ್ಲಿ ಮಿಲ್ಲಿನ ಬ್ಲಾಂಕೆಟ್ ಅಗ್ಗಕ್ಕೆ ಸಿಗುವಾಗ ಯಾರು ಯಾಕೆ ತಿಂಗಳುಗಟ್ಟಲೆ ಕೂತು ಹೊಲಿದಾರು?

ಬೆಲೆಯ ಮಾತು ಬಂದಾಗ ಗಿರಾಕಿಗಳು ಸಾಮಾನ್ಯವಾಗಿ ಹೇಳುವುದು, ಹಳೆ ಬಟ್ಟೆಗೆ ಇಷ್ಟೊಂದೇ ಎಂದು. ಲೆಕ್ಕ ಹಾಕಿ ನೋಡೋಣ. 2024-25ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ದೊಡ್ಡ ಕವಂದಿಗೆ ಇಪ್ಪತ್ತು ದಿನದ ಕೆಲಸ ಹಿಡಿಯಿತು ಎಂದುಕೊಂಡರೂ, ಮಣ್ಣು ಹೊತ್ತ ಕೂಲಿಯ ಲೆಕ್ಕದಲ್ಲೇ 6,980 ರೂಪಾಯಿ ಆಗುತ್ತದೆ. ಇದರಲ್ಲಿ ದಾರದ ಖರ್ಚು ಸೇರಿಲ್ಲ, ಬಣ್ಣ ಆರಿಸುವ ಕಣ್ಣಿಗೆ ಒಂದು ಪೈಸೆಯನ್ನೂ ಇಟ್ಟಿಲ್ಲ. ಅಷ್ಟು ಕೊಟ್ಟು ಕೊಳ್ಳುವವರು ಕಡಿಮೆ. ಹಾಗಾಗಿ ದಿಂಬಿನ ಚೀಲ, ಕೈಚೀಲ, ಗೋಡೆಯ ತೂಗುಚಿತ್ರ, ತೊಟ್ಟಿಲ ಹಾಸಿನಂಥ ಸಣ್ಣ ವಸ್ತುಗಳಿಗೆ ಸೂಜಿ ತಿರುಗಿದೆ. ಬೇಗ ಮುಗಿಯುತ್ತವೆ, ಬೇಗ ಮಾರಾಟವಾಗುತ್ತವೆ. ದೊಡ್ಡದರಲ್ಲಿ ಬಣ್ಣ ಅಂಚಿನಿಂದ ನಡುವಿಗೆ ಸಾಗುವ ದಾರಿ ಉದ್ದ, ಸಣ್ಣದರಲ್ಲಿ ಆ ಅವಕಾಶವಿಲ್ಲ. ಆದರೂ ಸಣ್ಣದು ಉಳಿದರೆ ಕೈಯ ಅಭ್ಯಾಸ ಉಳಿಯುತ್ತದೆ, ಅಷ್ಟರಮಟ್ಟಿಗೆ ನಾನು ಅದರ ಪರ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಉಡದ ಹತ್ತಿ ಸೀರೆ, ಮೆತ್ತಗಾದ ಪಂಚೆ ಒಂದಿಷ್ಟು ಇದ್ದೀತು. ಪಾತ್ರೆಯವರಿಗೆ ಹಾಕಿ ಒಂದು ಸ್ಟೀಲಿನ ಡಬ್ಬಿ ತೆಗೆದುಕೊಳ್ಳುವ ಮೊದಲು ಒಂದು ಮಾತು. ನಿಮ್ಮ ಸೀಮೆಯಲ್ಲಿ ಕೌದಿಯೋ ಕವಂದಿಯೋ ಹೊಲಿಯುವವರು ಇನ್ನೂ ಇದ್ದರೆ ಆ ಗಂಟನ್ನು ಅವರಿಗೆ ಒಯ್ದುಕೊಡಿ. ಕೂಲಿಯನ್ನು ಬಟ್ಟೆಯ ಹಳೆತನ ನೋಡಿ ಕಟ್ಟಬೇಡಿ, ಅವರು ಕೂತ ದಿನಗಳನ್ನು ಎಣಿಸಿ ಕೊಡಿ. ಮೂಲೆಗೆ ಯಾವ ಬಣ್ಣದ ಹೂ ಎಂಬುದನ್ನು ಮಾತ್ರ ಅವರಿಗೇ ಬಿಡಿ.