ಜೂನ್ 1ರಂದು ಹುಟ್ಟಿದವರು

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಐವತ್ತು ದಾಟಿದ ನಾಲ್ವರನ್ನು ಒಂದೆಡೆ ಕೂರಿಸಿ ಹುಟ್ಟಿದ ದಿನಾಂಕ ಕೇಳಿದರೆ, ಅವರಲ್ಲಿ ಒಬ್ಬರಾದರೂ ಜೂನ್ 1 ಎನ್ನುವ ಸಂಭವ ಹೆಚ್ಚು. ಹಳೆಯ ಶಾಲಾ ದಾಖಲಾತಿ ಪುಸ್ತಕಗಳಲ್ಲಿ ಈ ದಿನಾಂಕ ಮತ್ತೆ ಮತ್ತೆ ಎದುರಾಗುತ್ತದೆ. ಇದು ಈ ಎರಡು ತಾಲ್ಲೂಕುಗಳ ವಿಶೇಷವೇನೂ ಅಲ್ಲ. ಕರ್ನಾಟಕದ ಹಳ್ಳಿಗಾಡಿನ ಒಂದಿಡೀ ತಲೆಮಾರು ಸರ್ಕಾರಿ ಕಾಗದದ ಮೇಲೆ ಹೀಗೆ ಒಟ್ಟೊಟ್ಟಿಗೆ ಹುಟ್ಟಿದೆ.

ಇದರ ಹಿಂದೆ ಯಾವ ಪವಾಡವೂ ಇಲ್ಲ. ಶಾಲೆ ಆರಂಭವಾಗುವುದು ಜೂನ್ ತಿಂಗಳಲ್ಲಿ. ಮಗುವನ್ನು ಕರೆತಂದ ತಂದೆಗೆ ಅದು ಹುಟ್ಟಿದ ತಾರೀಖು ತಿಳಿದಿರುತ್ತಿರಲಿಲ್ಲ. ತಿಳಿಸುವ ಪತ್ರವೂ ಇರುತ್ತಿರಲಿಲ್ಲ. ಮಗು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯನ್ನು ಮುಟ್ಟಿದರೆ ಶಾಲೆಗೆ ಸೇರುವ ವಯಸ್ಸಾಗಿದೆ ಎಂದು ಮೇಷ್ಟ್ರು ತೀರ್ಮಾನಿಸುತ್ತಿದ್ದರು. ಬಳಿಕ ಬೆರಳೆಣಿಸಿ ಐದಾರು ವರ್ಷ ಹಿಂದಕ್ಕೆ ಹೋಗಿ, ಲೆಕ್ಕಕ್ಕೆ ಸುಲಭವಾಗುವ ಜೂನ್ 1ನ್ನು ಬರೆದುಬಿಡುತ್ತಿದ್ದರು. ಹುಟ್ಟಿ ಐದಾರು ವರ್ಷಗಳಾದ ಮೇಲೆ ಮಗುವಿಗೆ ಹುಟ್ಟಿದ ದಿನವೊಂದು ದೊರಕುತ್ತಿತ್ತು. ದೊಡ್ಡವರೂ ಇದಕ್ಕೆ ಹೊರತಲ್ಲ. 2022ರ ಆಗಸ್ಟ್ 3ರಂದು ದಾವಣಗೆರೆಯಲ್ಲಿ 75ನೆಯ ಹುಟ್ಟುಹಬ್ಬವನ್ನು ಭಾರಿ ಸಮಾವೇಶವಾಗಿ ಆಚರಿಸಿಕೊಂಡ ಸಿದ್ದರಾಮಯ್ಯನವರೂ, ತಮ್ಮ ದಿನಾಂಕ ಶಾಲೆಯಲ್ಲಿ ಬರೆಸಿದ್ದೆಂದು ಹೇಳಿಕೊಂಡವರೇ.

ಬೇರೊಬ್ಬರೊಡನೆ ಜನ್ಮದಿನವನ್ನು ಹಂಚಿಕೊಳ್ಳುವುದು ಗಣಿತದ ದೃಷ್ಟಿಯಿಂದ ಅಷ್ಟೇನೂ ಅಪರೂಪವಲ್ಲ. ಯಾವುದೇ 23 ಮಂದಿ ಸೇರಿದ ಗುಂಪಿನಲ್ಲಿ ಇಬ್ಬರ ಜನ್ಮದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚು. ಆದರೂ ಮನುಷ್ಯನಿಗೆ ಅದು ಬರಿಯ ಲೆಕ್ಕವಾಗಿ ಕಾಣುವುದಿಲ್ಲ. ಏಪ್ರಿಲ್ 24ರಂದು ಹುಟ್ಟಿದ ಕನ್ನಡಿಗ, ಅದು ಡಾ. ರಾಜ್‌ಕುಮಾರ್ ಹುಟ್ಟಿದ ದಿನವೆಂದು ಹೇಳದೆ ಇರಲಾರ. ಅವನ ಮಗ ಅದೇ ದಿನವನ್ನು ಸಚಿನ್ ತೆಂಡೂಲ್ಕರ್ ಅವರ ದಿನವೆನ್ನುತ್ತಾನೆ. ಸೆಪ್ಟೆಂಬರ್ 18 ಬಂದರೆ ವಿಷ್ಣುವರ್ಧನ್ ಮತ್ತು ಉಪೇಂದ್ರ ಇಬ್ಬರ ಅಭಿಮಾನಿಗಳಿಗೂ ಹಬ್ಬ. ನಮ್ಮ ಜಿಲ್ಲೆಯವರಿಗೆ ಆ ದಿನದ ಮೇಲೆ ಇನ್ನೂ ಒಂದು ಪಾಲು ಹೆಚ್ಚು ಹಕ್ಕು. ವಿಷ್ಣುವರ್ಧನ್ ಅವರನ್ನು ನಾಯಕನನ್ನಾಗಿ ನಿಲ್ಲಿಸಿದ 1972ರ ‘ನಾಗರಹಾವು’ ಚಿತ್ರದುರ್ಗದ ಕೋಟೆಯ ಕಥೆ. ಅದಕ್ಕೆ ಆಧಾರವಾದ ಕಾದಂಬರಿಗಳನ್ನು ಬರೆದ ತ.ರಾ.ಸು. ಅವರ ಹೆಸರಿನ ಮೊದಲಕ್ಷರವೇ ಚಳ್ಳಕೆರೆ ತಾಲ್ಲೂಕಿನ ತಳುಕು.

ಜೂನ್ 1ರವರಿಗೂ ಹೇಳಿಕೊಳ್ಳಲು ಹೆಸರುಗಳ ಕೊರತೆಯಿಲ್ಲ. 1929ರ ಆ ದಿನ ನರ್ಗಿಸ್ ಹುಟ್ಟಿದರು; 1926ರ ಆ ದಿನ ಮರ್ಲಿನ್ ಮನ್ರೋ. ಒಂದು ತಾರೀಖಿನ ಎಳೆ ಹಿಡಿದು ನಾವು ಅಂಥವರ ಅಂಗಳದವರೆಗೆ ಹೋಗಿಬರುತ್ತೇವೆ. ಅವರಿಗೆ ನಮ್ಮ ಪರಿಚಯವಿಲ್ಲ, ಇರಬೇಕಾಗಿಯೂ ಇಲ್ಲ. ವರ್ಷದ 365 ದಿನಗಳಲ್ಲಿ ನಮ್ಮ ಪಾಲಿನದು ತೀರ ಅನಾಥ ದಿನವಲ್ಲವೆಂಬ ಸಮಾಧಾನ ದೊರೆತರೆ ಸಾಕು.

ಆದರೆ ಮನೆಯವರೊಡನೆ ಹಂಚಿಕೊಂಡ ಜನ್ಮದಿನದ ಮಾತು ಬೇರೆ. ನಾನೂ ನನ್ನ ತಮ್ಮನೂ ಎರಡು ವರ್ಷಗಳ ಅಂತರದಲ್ಲಿ ಒಂದೇ ಜೂನ್ 1ರಂದು ಹುಟ್ಟಿದವರೆಂದು ಶಾಲೆಯ ಪುಸ್ತಕ ಹೇಳುತ್ತದೆ. ಅವ್ವನ ಪಂಚಾಂಗ ಇದನ್ನು ಎಂದೂ ಒಪ್ಪಲಿಲ್ಲ. ‘ನೀನು ಹುಟ್ಟಿದ್ದು ಮೊಳಕಾಲ್ಮುರಿನಲ್ಲಿ ಕಣಪ್ಪ, ನನ್ನ ತವರಲ್ಲಿ. ನಾಯಕನಹಟ್ಟಿ ತೇರಿಗೆ ಇನ್ನೊಂದು ವಾರ ಇತ್ತು. ಪಕ್ಕದ ಮನೆ ಮಗ್ಗದ ಮೇಲೆ ಯಾರದೋ ಮದುವೆ ಸೀರೆ ಇತ್ತು. ನಿನ್ನ ತಮ್ಮ ಇಲ್ಲೇ, ಶೇಂಗಾ ಕೀಳೋ ಹೊತ್ತಿಗೆ’ ಎನ್ನುತ್ತಿದ್ದಳು. ತೇರು ಫಾಲ್ಗುಣದಲ್ಲಿ, ಶೇಂಗಾ ಕೀಳುವುದು ದೀಪಾವಳಿಯ ಆಸುಪಾಸಿನಲ್ಲಿ. ಜೂನ್ ತಿಂಗಳು ಇಬ್ಬರಿಗೂ ಸಂಬಂಧವಿಲ್ಲದ್ದು.

ಬಯಲುಸೀಮೆಯ ಹಿರಿಯರ ಕಾಲಗಣನೆ ಇಂಥದ್ದೇ. ಬರ ಬಂದ ವರ್ಷ, ಕೆರೆ ಕೋಡಿ ಬಿದ್ದ ವರ್ಷ, ಜಾತ್ರೆಯ ಹಿಂದುಮುಂದು. ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ‘ಮಾರಿಕಣಿವೆ ಕೋಡಿ ಬಿದ್ದ ವರ್ಷದವನು’ ಎಂದು ಹೇಳಿಕೊಳ್ಳಬಲ್ಲ ವೃದ್ಧರಿಗೆ ಆ ಸಲ ನೀರು ಹರಿದದ್ದನ್ನು ನೋಡುವುದೆಂದರೆ ಹುಟ್ಟುಹಬ್ಬವನ್ನೇ ನೋಡಿದಂತೆ.

ಸುಳ್ಳೆಂದು ಇಬ್ಬರಿಗೂ ತಿಳಿದಿದ್ದರೂ ನಾನೂ ತಮ್ಮನೂ ಜೂನ್ 1ನ್ನು ಬಿಟ್ಟುಕೊಡಲಿಲ್ಲ. ಹೊಸ ನೋಟುಬುಕ್ಕಿನ ವಾಸನೆಯ ದಿನ ಅದು. ದೊಡ್ಡವರಾಗಿ ಬೇರೆ ಬೇರೆ ಊರು ಸೇರಿದ ಮೇಲೆ, ಬೆಳಿಗ್ಗೆ ಯಾರು ಮೊದಲು ಫೋನ್ ಮಾಡುತ್ತಾರೆಂಬುದೇ ಪಂದ್ಯ. ‘ಅಣ್ಣಾ, ನಮ್ಮ ಸರ್ಕಾರಿ ಹುಟ್ಟುಹಬ್ಬದ ಶುಭಾಶಯ’ ಎಂದು ನಗುತ್ತಿದ್ದ. 2021ರಲ್ಲಿ ಅವನು ತೀರಿಕೊಂಡ. ಈಗ ಜೂನ್ 1 ಬಂದರೆ ನನ್ನ ವಯಸ್ಸು ನನಗೆ ನೆನಪಾಗುವುದಿಲ್ಲ. ಅವನಿಗೆ ಎಷ್ಟಾಗುತ್ತಿತ್ತು ಎಂಬ ಲೆಕ್ಕವೇ ಮೊದಲು ಬರುತ್ತದೆ. ದಿನಾಂಕ ಕಲ್ಪಿತವಾಗಿರಬಹುದು. ಅದನ್ನು ನಾವಿಬ್ಬರೂ ಕೂಡಿ ಬಾಳಿದ ವರ್ಷಗಳು ಕಲ್ಪಿತವಲ್ಲ.

ಇದರ ಅರ್ಥ, ಜನನ ದಾಖಲೆಯ ಹಳೆಯ ಅವ್ಯವಸ್ಥೆಯೇ ಚೆನ್ನಾಗಿತ್ತು ಎಂದಲ್ಲ. ಮೇಷ್ಟ್ರ ಅಂದಾಜಿನಿಂದ ಕೆಲವರಿಗೆ ನೌಕರಿಯಲ್ಲಿ ಒಂದೆರಡು ವರ್ಷ ಹೆಚ್ಚು ದೊರೆತರೆ, ಕೆಲವರು ಕಳೆದುಕೊಂಡರು. ತಿದ್ದಿಸಿಕೊಳ್ಳಲು ಹೊರಟ ಸರ್ಕಾರಿ ನೌಕರನಿಗೆ 1974ರ ವಯೋನಿರ್ಧಾರ ಕಾಯ್ದೆ ಅಡ್ಡ ನಿಲ್ಲುತ್ತದೆ. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬ ನಿಯಮದಿಂದ ಜೂನ್ 1ರವರೆಲ್ಲ ಮೇ 31ರಂದೇ ಹಾರ ಹಾಕಿಸಿಕೊಳ್ಳುತ್ತಾರೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಹೆಣ್ಣುಮಕ್ಕಳಿಗೆ ಈ ಕಲ್ಪಿತ ದಿನವೂ ದಕ್ಕಲಿಲ್ಲ. ಆಧಾರ್ ಬಂದಾಗ ವಯಸ್ಸನ್ನಷ್ಟೇ ಹೇಳಬಲ್ಲ ಅನೇಕರಿಗೆ ಯಂತ್ರವು ಜನವರಿ 1ನ್ನು ಕೊಟ್ಟಿತು. ಹುಡುಗಿಗೆ ಹದಿನೆಂಟು ತುಂಬಿದೆಯೋ ಇಲ್ಲವೋ ಎಂಬ ಪ್ರಶ್ನೆ ಎದ್ದಾಗ ನಿಜವಾದ ದಿನಾಂಕವೊಂದೇ ಅವಳನ್ನು ಕಾಯಬಲ್ಲದು. 1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯಂತೆ, ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶದಿಂದ ಹಿಡಿದು ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಜೂನ್ 1ರ ಸಂತತಿ ಇನ್ನು ಬೆಳೆಯುವುದಿಲ್ಲ. ಅದು ಒಳ್ಳೆಯದೇ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವುಗಳನ್ನು 1892ರಲ್ಲಿ ಪತ್ತೆ ಮಾಡಿದರು. ಅಂಥ ಚಕ್ರವರ್ತಿಯ ಜನ್ಮದಿನವೂ ಯಾರಿಗೂ ತಿಳಿಯದು. 2016ರಲ್ಲಿ ಬಿಹಾರ ಸರ್ಕಾರ ಏಪ್ರಿಲ್ 14ನ್ನು ಅಶೋಕ ಜಯಂತಿಯೆಂದು ಆಚರಿಸಲು ಹೊರಟಾಗ ಇತಿಹಾಸಕಾರರು ಆಧಾರ ಕೇಳಿದರು. ಅದು ಅಂಬೇಡ್ಕರ್ ಹುಟ್ಟಿದ ದಿನ. ಎರಡು ಸಾವಿರ ವರ್ಷಗಳ ಹಿಂದಿನ ಬೌದ್ಧ ದೊರೆಗೂ, 1956ರಲ್ಲಿ ಬೌದ್ಧರಾದ ಸಂವಿಧಾನ ಶಿಲ್ಪಿಗೂ ಒಂದೇ ಜನ್ಮದಿನ! ಇಷ್ಟು ದೊಡ್ಡ ಮಟ್ಟದಲ್ಲಿಯೂ ಹಳ್ಳಿಯ ಮೇಷ್ಟ್ರ ರೂಢಿಯೇ ನಡೆದಿದೆ.

ಆ ಬಂಡೆಗಳ ಮೇಲೆ ರಾಜನ ಜನ್ಮದಿನವಿಲ್ಲ. ಆದರೆ ಬರೆದವನ ಹೆಸರಿದೆ. ಚಪಡನೆಂಬ ಲಿಪಿಕಾರ ಬ್ರಾಹ್ಮಿಯ ಶಾಸನದ ಕೊನೆಯಲ್ಲಿ ‘ಲಿಪಿಕಾರ’ ಎಂಬುದನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೆತ್ತಿ, ತನ್ನ ಗುರುತನ್ನು ಉಳಿಸಿ ಹೋಗಿದ್ದಾನೆ. ನಮಗೆ ಹುಟ್ಟಿದ ದಿನಗಳನ್ನು ಬರೆದುಕೊಟ್ಟ ಮೇಷ್ಟ್ರುಗಳ ಹೆಸರು ನಮ್ಮ ಯಾವ ಪ್ರಮಾಣಪತ್ರದಲ್ಲಿಯೂ ಇಲ್ಲ. ತಂದೆತಾಯಿಯ ಮಾತು ಕೇಳಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಆ ಶಾಸನಗಳ ಬೋಧನೆ. ಒಂದು ಹುಟ್ಟನ್ನು ಅವ್ವನಿಂದಲೂ ಇನ್ನೊಂದನ್ನು ಮೇಷ್ಟ್ರಿಂದಲೂ ಪಡೆದ ನಮ್ಮ ತಲೆಮಾರಿಗೆ ಈ ಎರಡು ಮಾತುಗಳೂ ಒಟ್ಟಿಗೇ ಅನ್ವಯಿಸುತ್ತವೆ.