ಕ್ಲಿಕ್ ಬಂತು, ಆರ್ಡರ್ ಬರಲಿಲ್ಲ ಯಾಕೆ?

ನಮ್ಮ ಬ್ಯಾಡಗಿ ಖಾರದಪುಡಿಯ ಆನ್‌ಲೈನ್ ಅಂಗಡಿಗೆ ಗೂಗಲ್ ಜಾಹೀರಾತು ಹಾಕಿದ ಮೊದಲ ವಾರ ದಿನಾ ಕ್ಲಿಕ್ ಬಂತು, ಆರ್ಡರ್ ಒಂದೂ ಇಲ್ಲ. ಕೊಳ್ಳಲಿ ಬಿಡಲಿ, ಪ್ರತಿ ಕ್ಲಿಕ್ಕಿಗೂ ದುಡ್ಡು ಹೋಗೋದು ನಮ್ಮದೇ.

ಬಜೆಟ್ ಹೆಚ್ಚಿಸೋಣ ಅಂದ ತಮ್ಮ. ನಾನು ಗೂಗಲ್ ಆ್ಯಡ್ಸ್‌ನ ‘ಸರ್ಚ್ ಟರ್ಮ್ಸ್’ ತೆರೆದೆ. ಜನ ಏನು ಟೈಪ್ ಮಾಡಿ ನಮ್ಮ ಜಾಹೀರಾತು ಒತ್ತಿದ್ದಾರೆ ಅನ್ನೋದು ಅಲ್ಲಿ ಕಾಣುತ್ತೆ. ನೋಡಿದ್ರೆ ‘ಬ್ಯಾಡಗಿ ಮಾರುಕಟ್ಟೆ ಇಂದಿನ ದರ’, ‘ಮೆಣಸಿನಕಾಯಿ ಬೀಜ’! ಒತ್ತಿದವರು ನಮ್ಮಂಥ ರೈತರೇ, ಪುಡಿ ಕೊಳ್ಳೋರಲ್ಲ. ‘ಇಂದಿನ ದರ’, ‘ಎಪಿಎಂಸಿ’, ‘ಬೀಜ’ ಇವನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ ಸೇರಿಸಿದೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೇರೆ ಬೇರೆ ಹಾಕಿ, ಒಂದು ಹಾಕಿದ್ರೆ ಇನ್ನೊಂದು ನಿಲ್ಲಲ್ಲ. ಬರೀ ‘ದರ’ ಅನ್ನೋದನ್ನು ಬಿಟ್ಟೆ. ಗಿರಾಕಿಯೂ ಅದನ್ನೇ ಕೇಳ್ತಾನೆ.

ಇನ್ನೊಂದು ತಪ್ಪು ನಮ್ಮ ಅಂಗಡಿಯದು. ಒತ್ತಿದವರು ಮುಖಪುಟಕ್ಕೆ ಹೋಗಿ ಪುಡಿ ಹುಡುಕಬೇಕಿತ್ತು, ಕೊರಿಯರ್ ಖರ್ಚು ಕೊನೆಗೆ ಕಾಣ್ತಿತ್ತು. ಈಗ ನೇರ ಪುಡಿಯ ಪುಟಕ್ಕೇ ಲಿಂಕ್, ಬೆಲೆಯಲ್ಲೇ ಕೊರಿಯರ್ ಸೇರಿದೆ. ಜಾಹೀರಾತಿನಲ್ಲೇ ‘ಬಣ್ಣ ಜಾಸ್ತಿ, ಖಾರ ಕಡಿಮೆ’ ಅಂತ ಬರೆದಿದ್ದೀವಿ. ಖಾರವೇ ಬೇಕಾದವರು ಒತ್ತೋದೇ ಇಲ್ಲ, ಆ ದುಡ್ಡೂ ಉಳೀತು.

ಕ್ಲಿಕ್ ಇಳಿದವು, ಆರ್ಡರ್ ಶುರುವಾದವು. ಪ್ರತಿ ಸೋಮವಾರ ಪಟ್ಟಿ ನೋಡ್ತೀನಿ. ಕಳೆದ ವಾರ ‘ಮುಟುರು ರೋಗಕ್ಕೆ ಔಷಧಿ’ ಸಿಕ್ಕಿತು, ಅದನ್ನೂ ತಡೆದೆ.